ನನ್ನ ಕಚೇರಿಗೆ ಬಾರದವರು

ಒಬ್ಬ ವಕೀಲನನ್ನು ಊರು ಹೇಗೆ ಅಳೆದಿದೆ ಎಂಬುದು ಅವನ ಕಚೇರಿಯ ಬೆಂಚಿನ ಮೇಲೆ ಯಾರು ಬಂದು ಕೂರುತ್ತಾರೆ ಎನ್ನುವುದರಿಂದ ತಿಳಿಯುತ್ತದೆ. ನನ್ನ ಬೆಂಚಿನ ಮೇಲೆ ಅಣ್ಣತಮ್ಮಂದಿರ ವಾಟ್ನಿ ದಾವೆಯವರು ಕೂರುತ್ತಾರೆ. ಬದು ಒತ್ತಿದ್ದಾನೆಂದು ತಡೆಯಾಜ್ಞೆ ಕೇಳುವವರು, ಉತಾರದಲ್ಲಿ ಹೆಸರು ಬಿಟ್ಟುಹೋಗಿದೆ ಎನ್ನುವವರು, ಚೆಕ್ ಬೌನ್ಸ್ ಆದವರು, ಹುಬ್ಬಳ್ಳಿ ರಸ್ತೆಯಲ್ಲಿ ಟಂಟಂ ಪಲ್ಟಿಯಾಗಿ ಮಗನನ್ನು ಕಳೆದುಕೊಂಡು ಪರಿಹಾರಕ್ಕೆ ಅಲೆಯುವವರು ಬರುತ್ತಾರೆ. ಠಾಣೆಯಲ್ಲಿ ಕೂಡಿಹಾಕಿದ ಮಗನನ್ನು ಹುಡುಕುವವರು, ಅಧಿಕಾರದಲ್ಲಿರುವವರ ಕಣ್ಣಿಗೆ ಬಿದ್ದವರು, ಊರೇ ಬೇಡವೆಂದು ದೂಡಿದವರು ಬರುವುದು ತೀರ ಅಪರೂಪ. ಇದನ್ನು ಬಹಳ ಕಾಲ ನನ್ನ ಪುಣ್ಯ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅಪಾಯದಲ್ಲಿರುವ ಮನುಷ್ಯ ಯಾವ ವಕೀಲನ ಬಾಗಿಲು ಬಡಿಯಬೇಕೆಂದು ನಾಲ್ಕು ಜನರನ್ನು ಕೇಳಿಕೊಂಡೇ ಬರುತ್ತಾನೆ. ಅವನು ನನ್ನ ಬಾಗಿಲು ದಾಟಿ ಮುಂದೆ ಹೋಗುತ್ತಾನೆ ಎಂದರೆ, ಅದು ನನ್ನ ಬಗ್ಗೆ ನವಲಗುಂದ ತಾಲ್ಲೂಕು ಕೊಟ್ಟ ತೀರ್ಪು.

ಈ ಯೋಚನೆ ಹುಟ್ಟಿದ್ದು ನನ್ನದಲ್ಲದ ಒಂದು ಪ್ರಕರಣದಿಂದ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದ ಕಾಶ್ಮೀರದ ಮೂವರು ಹುಡುಗರು ಪಾಕಿಸ್ತಾನದ ಪರ ಘೋಷಣೆಯಿದ್ದ ವಿಡಿಯೊ ಹರಿಬಿಟ್ಟರೆಂದು ದೂರು ದಾಖಲಾಯಿತು. ದೇಶದ್ರೋಹದ 124ಎ ಕಲಂ ಬಿತ್ತು. ಮೊದಲು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟ ಪೊಲೀಸರು, ಪ್ರತಿಭಟನೆ ಜೋರಾದ ಮೇಲೆ ಮತ್ತೆ ಬಂಧಿಸಿದರು. ಹುಬ್ಬಳ್ಳಿ ವಕೀಲರ ಸಂಘ ಆ ಹುಡುಗರ ಪರವಾಗಿ ಯಾರೂ ವಕಾಲತ್ತು ವಹಿಸಕೂಡದೆಂದು ಠರಾವು ಮಾಡಿತು. ಕೊನೆಗೆ ಬೆಂಗಳೂರಿನಿಂದ 24 ವಕೀಲರು ಹೈಕೋರ್ಟಿನ ಮೆಟ್ಟಿಲೇರಿದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಆ ಠರಾವನ್ನು ಕಟುವಾಗಿ ಟೀಕಿಸಿತು. ಜಾಮೀನು ಅರ್ಜಿ ಹಾಕಲು ಬರುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕೆಂದು ಆದೇಶಿಸಿತು. ರಕ್ಷಣೆಯ ನಡುವೆಯೇ ಧಾರವಾಡದ ನ್ಯಾಯಾಲಯಕ್ಕೆ ಬಂದ ಅವರನ್ನು ಘೋಷಣೆ ಕೂಗಿ ಅಡ್ಡಗಟ್ಟಿದವರಲ್ಲಿ ಕರಿಕೋಟು ತೊಟ್ಟವರೇ ಇದ್ದರು.

ಆ ದಿನಗಳಲ್ಲಿ ನಮ್ಮ ಬಾರ್ ರೂಮಿನಲ್ಲಿ ಈ ವಿಷಯ ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಪತ್ರಿಕೆ ಓದುತ್ತಿದ್ದೆ, ಕೇಳುತ್ತಿದ್ದೆ. ಹುಬ್ಬಳ್ಳಿ ನಮಗೆ 35 ಕಿಲೋಮೀಟರ್ ಆಚೆಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಆಗ ಎದೆಯೊಳಗೆ ಒಂದು ಸಮಾಧಾನ ಇಳಿಯಿತು: ಸದ್ಯ, ನನ್ನ ಪಾಲಿಗೆ ಬರಲಿಲ್ಲ. ಆ ಸಮಾಧಾನವನ್ನೇ ಅಂದಿನಿಂದ ತಿರುಗಿ ತಿರುಗಿ ನೋಡುತ್ತಿದ್ದೇನೆ. ಅದು ಎಲ್ಲಿಂದ ಬಂತು? ಆ ಘೋಷಣೆ ನನಗೆ ಒಪ್ಪಿಗೆಯಿಲ್ಲ, ನಿಜ. ಆದರೆ ಹೆಂಡತಿಯನ್ನು ಕೊಂದ ಆರೋಪ ಹೊತ್ತವನಿಗೆ ವಕಾಲತ್ತು ಹಾಕಿದಾಗ ಕೊಲೆಯನ್ನು ನಾನು ಒಪ್ಪಿರಲಿಲ್ಲ; ಊರೂ ನನ್ನನ್ನು ಕೊಲೆಗಾರ ಎಂದಿರಲಿಲ್ಲ. ಅವನ ಪರ ವಾದಿಸಿ ಬಂದ ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೊಡನೆ ಕೂತು ಚಹಾ ಕುಡಿದಿದ್ದೇನೆ. ಕೊಲೆ ಆರೋಪಿಗೆ ಸಿಗುವ ವಕೀಲ ಘೋಷಣೆ ಕೂಗಿದ ಹುಡುಗನಿಗೆ ಯಾಕೆ ಸಿಗುವುದಿಲ್ಲ? ಕಾನೂನಿನಲ್ಲಿ ಇದಕ್ಕೆ ಉತ್ತರವಿಲ್ಲ. ಸಂವಿಧಾನದ 22(1)ನೇ ವಿಧಿ ಬಂಧಿತನಿಗೆ ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಇಂಥ ಆರೋಪಿಯ ಪರ ನಿಲ್ಲಬಾರದೆಂದು ವಕೀಲರ ಸಂಘಗಳು ಮಾಡುವ ಠರಾವುಗಳಿಗೆ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಮಾಧಾನ ಇಳಿಯಿತು.

ನಾನು ಹೇಡಿ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಅದೂ ಪೂರ್ತಿ ಸತ್ಯವಲ್ಲ. 2016ರ ಜುಲೈ 27ರಂದು ಮಹಾದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನಮ್ಮ ಪಟ್ಟಣ ಹೊತ್ತಿ ಉರಿಯಿತು. ಸರ್ಕಾರಿ ಕಚೇರಿಗಳ ಮೇಲೆ ದಾಳಿಯಾಯಿತು. ಹಿಂದೆಯೇ ಪೊಲೀಸರು ಯಮನೂರಿನ ಮನೆಮನೆಗೆ ನುಗ್ಗಿ ಹೆಂಗಸರು, ಮುದುಕರು ಎನ್ನದೆ ಬಡಿದದ್ದನ್ನು ಇಡೀ ನಾಡು ಟಿವಿಯಲ್ಲಿ ನೋಡಿತು. ಹಿಡಿದವರನ್ನು ಬಳ್ಳಾರಿ, ಚಿತ್ರದುರ್ಗದ ಜೈಲುಗಳವರೆಗೆ ಸಾಗಿಸಿದರು. ಆಗ ರೈತರ ಪರ ನಿಲ್ಲಲು ನಾನು ಎರಡು ಸಲ ಯೋಚಿಸಲಿಲ್ಲ. ಫೀಸು ಮುಟ್ಟಲಿಲ್ಲ. ಪೊಲೀಸರ ಮುಖ ನೋಡಿ ಮಾತಾಡಿದೆ. ಆ ಧೈರ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗ ಅದನ್ನೂ ತೂಗಿ ನೋಡಬೇಕಾಗಿದೆ. ಆಗ ಇಡೀ ತಾಲ್ಲೂಕು ನನ್ನ ಬೆನ್ನಿಗಿತ್ತು. ಜೈಲಿಗೆ ಹೋದವರು ನನ್ನ ನೆಂಟರು, ಪಕ್ಷಗಾರರು, ನನ್ನ ಜೊತೆ ಶಾಲೆ ಕಲಿತವರು. ಅವರ ಪರ ನಿಲ್ಲದಿದ್ದರೆ ನಾನು ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಅಂದರೆ 2016ರಲ್ಲಿ ನಿಂತದ್ದಕ್ಕೂ 2020ರಲ್ಲಿ ಸುಮ್ಮನಿದ್ದದ್ದಕ್ಕೂ ಕಾರಣ ಒಂದೇ: ಊರಿನ ಮುಖ. ಸರ್ಕಾರದ ಸಿಟ್ಟನ್ನು ನಾನು ತಡೆದುಕೊಳ್ಳಬಲ್ಲೆ. ಊರಿನ ಸಿಟ್ಟನ್ನು ತಡೆದುಕೊಳ್ಳಬಲ್ಲೆನೋ ಇಲ್ಲವೋ ಎಂಬ ಪರೀಕ್ಷೆ ನನಗೆ ಇನ್ನೂ ಬಂದಿಲ್ಲ.

ನಮ್ಮ ಕಡೆ ಸರ್ಕಾರವನ್ನು ಎದುರಿಸಿದ ಚರಿತ್ರೆಗೆ ಬಡತನವಿಲ್ಲ. 1980ರ ಜುಲೈ 21ರಂದು, ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ, ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಇಲ್ಲಿ ಬಸಪ್ಪ ಲಕ್ಕುಂಡಿ, ಅಲ್ಲಿ ಈರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ನರಗುಂದದಲ್ಲಿ ಪೊಲೀಸರೂ ಸತ್ತರು. ಪ್ರತಿ ವರ್ಷ ಆ ದಿನ ನಾವು ಹುತಾತ್ಮರಿಗೆ ಮಾಲೆ ಹಾಕುತ್ತೇವೆ, ಭಾಷಣ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಜನ ಒಂದು ಕಡೆ, ಸರ್ಕಾರ ಒಂದು ಕಡೆ ಇದ್ದಾಗ ವಕೀಲನ ದಾರಿ ನೆಟ್ಟಗಿರುತ್ತದೆ. ಸರ್ಕಾರವೂ ಜನವೂ ಒಬ್ಬನ ವಿರುದ್ಧ ಒಂದಾದಾಗ ಅವನ ಪಕ್ಕದಲ್ಲಿ ನಿಲ್ಲಲು ಉಳಿಯುವವನು ವಕೀಲನೊಬ್ಬನೇ. ಸರ್ವಾಧಿಕಾರಕ್ಕೆ ನಿಜವಾದ ಬಲ ಬರುವುದು ಆ ಗಳಿಗೆಯಲ್ಲಿ. ಅದಕ್ಕೆ ಲಾಠಿ ಬೇಕಾಗುವುದಿಲ್ಲ, ವಕೀಲರ ಮನಸ್ಸಿನ ಹಿಂಜರಿತವೊಂದೇ ಸಾಕು.

ತುರ್ತು ಪರಿಸ್ಥಿತಿಯ ಕಥೆಗಳನ್ನು ಕೇಳುತ್ತ ಬೆಳೆದವನು ನಾನು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಅವರನ್ನು ಅಲ್ಲೇ ಬಂಧಿಸಿದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಅವರ ಪರ ದುಡಿದ ವಕೀಲ ಎಂ. ರಾಮಾ ಜೋಯಿಸ್ ಅವರನ್ನೂ ಸರ್ಕಾರ ಹಿಡಿದು ಜೈಲಿಗೆ ಹಾಕಿತು. ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಹೇಳಿದ ನ್ಯಾಯಮೂರ್ತಿಗಳಲ್ಲಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು. ದೇಶದ ಬೇರೆ ಬೇರೆ ಹೈಕೋರ್ಟುಗಳಿಂದ ಹೋದ ಇಂಥ ಮೊಕದ್ದಮೆಗಳೆಲ್ಲ ಸೇರಿ ಎಡಿಎಂ ಜಬಲ್‌ಪುರ ಪ್ರಕರಣವಾದವು. ಪೊಲೀಸನೊಬ್ಬ ದ್ವೇಷದಿಂದ ಯಾರನ್ನಾದರೂ ಕೊಂದರೂ ಕೋರ್ಟಿಗೆ ಹೋಗುವಂತಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವತನಕ ಹೋಗುವಂತಿಲ್ಲ ಎಂದೇ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಮಾತು ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಹೇಳಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಹೇಳಿಸಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿ.

ರಾಮಾ ಜೋಯಿಸರ ಹೆಸರನ್ನು ನಮ್ಮ ಬಾರ್ ರೂಮಿನಲ್ಲಿ ಭಕ್ತಿಯಿಂದ ಹೇಳುವವರು ಬಹಳ ಜನ. ನಾನೂ ಹೇಳುತ್ತೇನೆ. ಅವರ ರಾಜಕೀಯ ವಿಚಾರಗಳೆಲ್ಲ ನನ್ನವಲ್ಲ; ಅವರ ಆ ನಿಲುವು ಮಾತ್ರ ನನ್ನದಾಗಬೇಕೆಂಬ ಆಸೆ. ಆದರೆ 1975ರಲ್ಲಿ ಅವರ ಕಕ್ಷಿದಾರರನ್ನು ಸರ್ಕಾರ ಏನೆಂದು ಕರೆದಿತ್ತು? ದೇಶದ ಭದ್ರತೆಗೆ ಅಪಾಯ ಎಂದು. ಮೀಸಾ ಕಾಯ್ದೆಯಡಿ ಒಳಗೆ ಹಾಕಿದ್ದು ಅದೇ ಕಾರಣಕ್ಕೆ. ಹಾಗೆ ಒಳಗೆ ಹೋದವರಲ್ಲಿ ಒಬ್ಬರು ಮುಂದೆ ಪ್ರಧಾನಿಯಾದರು. ಹಾಗೆಂದು ಹುಬ್ಬಳ್ಳಿಯ ಹುಡುಗರೂ ಅವರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಯಾರು ಅಪಾಯಕಾರಿ, ಯಾರು ಅಲ್ಲ ಎಂಬುದನ್ನು ತೀರ್ಮಾನಿಸುವ ಕೆಲಸ ವಕಾಲತ್ತಿಗೆ ಸಹಿ ಹಾಕುವ ಹೊತ್ತಿನಲ್ಲಿ ವಕೀಲನದಲ್ಲ, ಅದು ನ್ಯಾಯಾಧೀಶರದು ಎನ್ನುತ್ತಿದ್ದೇನೆ. ನಮಗೆ ಬೇಕಾದವರು ಒಳಗಿದ್ದಾಗ ಹಕ್ಕು, ಬೇಡಾದವರು ಒಳಗಿದ್ದಾಗ ಠರಾವು ಎಂದಾದರೆ ಜೋಯಿಸರನ್ನು ನೆನೆಯುವ ಅರ್ಹತೆ ನಮಗಿಲ್ಲ. ಈ ಮಾತನ್ನು ಬಾರ್ ರೂಮಿನಲ್ಲಿ ಆಡಿದ್ದೇನೆಯೇ? ಮೆಲ್ಲಗೆ, ಇಬ್ಬರು ಮೂವರ ಎದುರು ಆಡಿದ್ದೇನೆ. ಎದ್ದು ನಿಂತು ಆಡಿಲ್ಲ.

ಯಾಕೆ ಆಡಿಲ್ಲ ಎಂದು ಕೇಳಿಕೊಂಡಾಗ ತಾಲ್ಲೂಕು ಕೋರ್ಟಿನ ಬದುಕು ಕಣ್ಣೆದುರು ಬರುತ್ತದೆ. ನೋಟರಿ ನೇಮಕ ಸರ್ಕಾರದ ಕೈಯಲ್ಲಿದೆ. ಸರ್ಕಾರಿ ವಕೀಲರ ಹುದ್ದೆಯೂ ಅಷ್ಟೇ. ಬ್ಯಾಂಕು, ವಿಮೆ ಕಂಪನಿಗಳ ಪ್ಯಾನೆಲ್ ಸೇರಲು ಒಬ್ಬರ ಮಾತು ಬೇಕು. ಅಪಘಾತ ಪರಿಹಾರದ ಕೇಸಿಗೆ ಠಾಣೆಯಿಂದ ಪಂಚನಾಮೆ, ಎಫ್‌ಐಆರ್ ಪ್ರತಿ ಬೇಗ ಸಿಗಬೇಕಾದರೆ ಪೊಲೀಸರ ಜೊತೆ ನಗುನಗುತ್ತ ಇರಬೇಕು. ಇವು ಯಾವುವೂ ಲಂಚವಲ್ಲ, ಬೆದರಿಕೆಯೂ ಅಲ್ಲ. ಯಾರೂ ನನಗೆ ಸುಮ್ಮನಿರು ಎಂದು ಹೇಳಿಲ್ಲ. ಆದರೆ ಎರಿಹೊಲದ ಕರಿಕೆಯಂತೆ ಇವೆಲ್ಲ ಒಳಗೊಳಗೇ ಬೇರು ಹೆಣೆದಿರುತ್ತವೆ. ಮೇಲೆ ಹರಗಿದರೆ ಹೋಗುವಂಥವಲ್ಲ. ಮನೆಯ ಮಾತು ಬೇರೆ. ಹೆಂಡತಿ ಒಮ್ಮೆ ಕೇಳಿದಳು: “ನಿಮ್ಮ ಧೈರ್ಯಕ್ಕ ನಮ್ಮ ಮನೀನ್ಯಾಕ ಒತ್ತಿ ಇಡ್ತೀರಿ?” ಅವಳ ಪ್ರಶ್ನೆ ನ್ಯಾಯವಾದದ್ದು. ಧೈರ್ಯದ ಬೆಲೆಯನ್ನು ಅದನ್ನು ತೋರಿದವನೊಬ್ಬನೇ ಕೊಡುವುದಿಲ್ಲ. ನನ್ನ ಬಳಿ ಕಲಿಯುತ್ತಿರುವ ಜೂನಿಯರ್ ಹುಡುಗಿ, ನನ್ನ ಕಾರಕೂನ, ಅವನ ಮಕ್ಕಳು ಎಲ್ಲರೂ ಅದರಲ್ಲಿ ಪಾಲು ಕೊಡಬೇಕಾಗುತ್ತದೆ.

ಲೋಕದ ಬೇರೆ ಕಡೆ ಈ ಬೆಲೆ ಎಷ್ಟೆಂದು ಓದಿದ್ದೇನೆ. ಚೀನಾದಲ್ಲಿ 2015ರ ಜುಲೈ 9ರಂದು ಶುರುವಾದ ಬೇಟೆಯಲ್ಲಿ 300ಕ್ಕೂ ಹೆಚ್ಚು ವಕೀಲರು, ಅವರ ಸಹಾಯಕರು, ಕಾರ್ಯಕರ್ತರನ್ನು ಹಿಡಿದರು ಇಲ್ಲವೇ ಕರೆಸಿ ವಿಚಾರಿಸಿದರು. ಅವರಲ್ಲಿ ವಾಂಗ್ ಚುವಾನ್‌ಝಾಂಗ್ ಎಂಬ ವಕೀಲರಿಗೆ 2019ರಲ್ಲಿ ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು. ಅಲ್ಲಿ ವಕೀಲರ ಸನದು ವರ್ಷವರ್ಷವೂ ಸರ್ಕಾರದ ತಪಾಸಣೆ ದಾಟಬೇಕು. ಬೇಡವಾದವನ ಸನದು ಹೋಗುತ್ತದೆ. ರಷ್ಯಾದಲ್ಲಿ ಅಲೆಕ್ಸೇಯ್ ನವಾಲ್ನಿಯವರ ಪರ ಕೆಲಸ ಮಾಡಿದ ಮೂವರು ವಕೀಲರನ್ನು 2025ರ ಜನವರಿಯಲ್ಲಿ ಜೈಲಿಗೆ ಕಳಿಸಿದರು. ಸೆರೆಯಲ್ಲಿದ್ದ ಕಕ್ಷಿದಾರನ ಮಾತನ್ನು ಹೊರಗೆ ತಂದದ್ದೇ ಅವರ ಅಪರಾಧ. ವಕೀಲನನ್ನು ಅವನ ಕಕ್ಷಿದಾರನ ಜೊತೆ ಸಮೀಕರಿಸಬಾರದೆಂದು 1990ರಲ್ಲೇ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿದ ತತ್ವಗಳಲ್ಲಿದೆ. ಕಾಗದದ ಮೇಲಿನ ತತ್ವ ಆ ಮೂವರನ್ನು ಕಾಯಲಿಲ್ಲ.

ಇವರ ಬಗ್ಗೆ ಓದುವಾಗ ನನ್ನೊಳಗೆ ಏಳುವ ಒಂದು ಭಾವವನ್ನು ಹಿಡಿದು ಪರೀಕ್ಷಿಸಿದ್ದೇನೆ. ನಾನೂ ಅವರ ಕುಲದವನೇ ಎಂಬ ಹಿಗ್ಗು ಅದು. ಅದು ಸುಳ್ಳು. ನನ್ನ ಸನದನ್ನು ವರ್ಷಕ್ಕೊಮ್ಮೆ ಯಾರೂ ತಪಾಸಿಸುವುದಿಲ್ಲ. ಧಾರವಾಡದಲ್ಲಿ ಹೈಕೋರ್ಟಿನ ಪೀಠವೇ ಇದೆ. 1980ರಲ್ಲಿ ಗೋಲಿಬಾರಿನ ಮಾರನೆಯ ದಿನ ನವಲಗುಂದದ ರೈತನೊಬ್ಬ ರಿಟ್ ಹಾಕಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಬೆಳಿಗ್ಗೆ ಹೊರಟು ಅರ್ಜಿ ಹಾಕಿ ಸಂಜೆ ಮನೆಗೆ ಬರಬಹುದು. ಚೀನಾದ ವಕೀಲನಿಗೆ ಇಲ್ಲದ್ದೆಲ್ಲ ನನಗಿದೆ. ಇದ್ದೂ ಬಳಸದವನು ಅವನ ಕಷ್ಟವನ್ನು ತನ್ನ ಮೌನಕ್ಕೆ ಸಮರ್ಥನೆಯಾಗಿ ತರಬಾರದು. ನಾವಿಲ್ಲಿ ಇನ್ನೂ ಕಾನೂನು ಹಿಡಿದು ವಾದಿಸಬಲ್ಲೆವು. ವಾದಿಸುವುದನ್ನು ನಾವೇ ಬಿಟ್ಟರೆ ಆ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ಹಾಗಾದರೆ ಮಾಡುವುದೇನು? ಇದಕ್ಕೆ ನನಗೆ ದಾರಿ ತೋರಿಸಿದ್ದು ಅದೇ ಹುಬ್ಬಳ್ಳಿ ಪ್ರಕರಣದ ಮುಂದಿನ ಭಾಗ. ಆ ಮೂವರು ಹುಡುಗರಿಗೆ 2020ರ ಜೂನಿನಲ್ಲಿ ಜಾಮೀನು ಸಿಕ್ಕಿತು. ದೇಶದ್ರೋಹದ ಮೇಲೆ ದೊಡ್ಡ ವಾದ ಗೆದ್ದು ಸಿಕ್ಕಿದ್ದಲ್ಲ. 90 ದಿನದೊಳಗೆ ಚಾರ್ಜ್‌ಶೀಟ್ ಸಲ್ಲಿಕೆಯಾಗಿಲ್ಲ ಎಂಬ ಕಾರಣಕ್ಕೆ, ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಮಿನಡಿ ಹಕ್ಕಾಗಿ ಸಿಗುವ ಜಾಮೀನು ಅದು. ಯಾರೋ ಒಬ್ಬರು ಕ್ಯಾಲೆಂಡರ್ ಹಿಡಿದು ದಿನ ಎಣಿಸಿದ್ದರು, ಎಣಿಸಿ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರು. ಮಾನವ ಹಕ್ಕಿನ ವಕೀಲಿಕೆ ಎಂದರೆ ದೊಡ್ಡ ಕೋರ್ಟಿನ ಭಾಷಣ ಎಂದುಕೊಂಡಿದ್ದ ನನಗೆ ಇದೊಂದು ಪಾಠವಾಯಿತು. ದಿನ ಎಣಿಸಲು ನನಗೂ ಬರುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರೇ, ಬಂಧನದ ಕಾರಣ ತಿಳಿಸಿದರೇ, ಮನೆಯವರಿಗೆ ಸುದ್ದಿ ಮುಟ್ಟಿಸಿದರೇ, ಮೈಮೇಲೆ ಗಾಯವಿದೆಯೇ ಎಂದು ರಿಮಾಂಡಿನ ಹೊತ್ತಿನಲ್ಲಿ ಎದ್ದು ಕೇಳಲು ನನಗೂ ಬರುತ್ತದೆ. ಮನೆಯವರಿಗೆ ಸುದ್ದಿ ಮುಟ್ಟಿಸುವುದೂ ವೈದ್ಯಕೀಯ ತಪಾಸಣೆಯೂ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹಾಕಿಕೊಟ್ಟ ನಿಯಮಗಳು. ಆದರೆ ತಾಲ್ಲೂಕು ಕೋರ್ಟಿನ ರಿಮಾಂಡು ಎಷ್ಟೋ ಸಲ ಈ ಪ್ರಶ್ನೆಗಳಿಲ್ಲದೆ ಮುಗಿದುಹೋಗುತ್ತದೆ. ಶಾಂತಿ ಕಾಪಾಡುತ್ತೇನೆಂದು ಬಾಂಡ್ ಬರೆಸಿಕೊಳ್ಳುವ ಮೊಕದ್ದಮೆಗಳು ತಹಶೀಲ್ದಾರರ ಮುಂದೆ ನಡೆಯುತ್ತವೆ. ಕೂಲಿ ಬಿಟ್ಟು ಬಂದವರು ತಾರೀಖಿನಿಂದ ತಾರೀಖಿಗೆ ಅಲೆಯುತ್ತಾರೆ. ಅಲ್ಲಿಗೆ ವಕೀಲರು ಹೋಗುವುದು ಕಡಿಮೆ, ಯಾಕೆಂದರೆ ಅಲ್ಲಿ ಫೀಸಿಲ್ಲ.

ಒಂದು ಸಂಜೆ ಹಳ್ಳಿಯೊಂದರ ತಾಯಿ ನನ್ನ ಕಚೇರಿಗೆ ಬಂದಳು. ಮೊಬೈಲಿನಲ್ಲಿ ಏನನ್ನೋ ಹಂಚಿಕೊಂಡನೆಂದು ಮಗನನ್ನು ಹಿಂದಿನ ದಿನ ಒಯ್ದಿದ್ದರು. ಊರಿನವರು ಅವನ ಮೇಲೆ ಸಿಟ್ಟಾಗಿದ್ದರು. ಬೇರೆ ಬಾಗಿಲುಗಳನ್ನು ತಟ್ಟಿ ಬಂದಿದ್ದಳೆಂದು ಅವಳ ದಣಿವೇ ಹೇಳುತ್ತಿತ್ತು. “ಯಪ್ಪಾ, ನೀವು ಬರೂದೇನ್ ಬ್ಯಾಡ್ರಿ. ಒಂದ್ ಚೀಟಿ ಬರ್ದ್ ಕೊಡ್ರಿ, ನಾನ ತೋರಸ್ತೀನಿ” ಎಂದಳು. ವಕೀಲನಿಂದ ಅವಳು ನಿರೀಕ್ಷಿಸಿದ್ದು ಅಷ್ಟೇ. ಆ ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಠಾಣೆಯಲ್ಲಿ ಅಧಿಕಾರಿ ಕುರ್ಚಿ ಕೊಟ್ಟು ಗೌರವದಿಂದಲೇ ಕೇಳಿದರು: “ನೀವ್ಯಾಕ ಬರಾಕ ಹೋದ್ರಿ ಸಾಹೇಬ್ರ? ಇದು ನಿಮ್ಮಂಥಾರು ಹಿಡಿಯೋ ಕೇಸಲ್ಲ.” ಬಂಧಿಸಿದ ಹೊತ್ತು ಯಾವುದು, ಯಾವ ಕಲಂ, ಎಂದು ಕೇಳಿದೆ. ದನಿ ಸ್ವಲ್ಪ ನಡುಗಿತು. ಆ ರಾತ್ರಿಯೇ ಹುಡುಗನನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ದು ಹಾಜರುಪಡಿಸಿದರು. ನಾನು ಮಾಡಿದ್ದು ದೊಡ್ಡದೇನಲ್ಲ. ಯಾವ ವಕೀಲನೂ ಮಾಡಬಹುದಾದದ್ದು. ಆದರೆ “ನಿಮ್ಮಂಥಾರು” ಎಂದರಲ್ಲ, ಅದರಲ್ಲಿ ಅವರಿಗೆ ನನ್ನ ಬಗ್ಗೆ ಇದ್ದ ನಂಬಿಕೆಯೂ ಇತ್ತು: ಇವರು ತೊಂದರೆ ಕೊಡುವವರಲ್ಲ ಎಂಬ ನಂಬಿಕೆ. ಆ ನಂಬಿಕೆ ಗಳಿಸಲು ನನಗೆ ವರ್ಷಗಳೇ ಹಿಡಿದಿದ್ದವು. ಅದನ್ನು ಕಳೆದುಕೊಳ್ಳಬೇಕೆಂದು ಅಂದು ಅನ್ನಿಸಿತು.

ಕಳೆದುಕೊಂಡಿದ್ದೇನೆಯೇ? ಸ್ವಲ್ಪ. ಎರಡು ಮನೆಯವರು ತಮ್ಮ ಕಾಗದಪತ್ರ ವಾಪಸು ಒಯ್ದರು. ಬಾರ್ ರೂಮಿನಲ್ಲಿ ಕೆಲವರ ನಗು ಕಡಿಮೆಯಾಯಿತು. ಭಯ ಹೋಗಿಲ್ಲ. ನಾಳೆ ಇಡೀ ಊರು ಉಗುಳುವ ಆರೋಪಿಯ ತಂದೆ ಬಂದು ಎದುರು ಕೂತರೆ ನನ್ನ ಕೈ ನಡುಗದೆ ಸಹಿ ಹಾಕುತ್ತದೆ ಎಂದು ಬರೆಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಧೈರ್ಯ ಒಂದು ದಿನ ಒಮ್ಮೆಲೇ ಬರುವುದಿಲ್ಲ ಎಂಬುದು ಖಾತ್ರಿಯಾಗಿದೆ. ಯಾರೂ ನೋಡದ ರಿಮಾಂಡಿನಲ್ಲಿ ಎದ್ದು ನಿಲ್ಲದವನು ಎಲ್ಲರೂ ನೋಡುವ ಪ್ರಕರಣದಲ್ಲಿ ಎದ್ದು ನಿಲ್ಲಲಾರ. ಹಾಗಾಗಿ ಬಂಧಿತರನ್ನು ಹಾಜರುಪಡಿಸುವ ಹೊತ್ತಿಗೆ ನನ್ನ ಕೇಸಿರಲಿ ಬಿಡಲಿ ಕೋರ್ಟಿನಲ್ಲಿ ಇರುತ್ತೇನೆ, ವಕೀಲರಿಲ್ಲದವರ ಪರ ಕೇಳಬೇಕಾದ್ದನ್ನು ಕೇಳುತ್ತೇನೆ. ಜೂನಿಯರ್ ಹುಡುಗಿಯನ್ನೂ ಕರೆದೊಯ್ಯುತ್ತೇನೆ. ಅವಳು ನನಗಿಂತ ಗಟ್ಟಿ ದನಿಯಲ್ಲಿ ಕೇಳುತ್ತಾಳೆ.

ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದದ ಕೋರ್ಟುಗಳಲ್ಲಿ ನನ್ನಂಥ ವಕೀಲರು ಎಷ್ಟೋ ಜನ ಇದ್ದೇವೆ. ನಾವು ಕೆಟ್ಟವರಲ್ಲ. ಬಡವರ ಫೀಸು ಬಿಟ್ಟಿದ್ದೇವೆ, ಜಾತ್ರೆಗೆ ಪಟ್ಟಿ ಕೊಟ್ಟಿದ್ದೇವೆ, ರೈತರ ಮೆರವಣಿಗೆಯಲ್ಲಿ ನಡೆದಿದ್ದೇವೆ. ಅಧಿಕಾರದಲ್ಲಿ ಇಂದು ಒಂದು ಪಕ್ಷವಿರುತ್ತದೆ, ನಾಳೆ ಇನ್ನೊಂದು. ತನಗೆ ಬೇಡವಾದವನಿಗೆ ವಕೀಲ ಸಿಗಬಾರದೆಂಬ ಆಸೆ ಯಾವುದಕ್ಕೂ ಬರಬಹುದು. ಆ ಆಸೆಗೆ ನಮ್ಮ ಒಪ್ಪಿಗೆ ಬೇಕು. ಅದನ್ನು ಕೊಡದಿರುವುದಷ್ಟೇ ನಮ್ಮ ವೃತ್ತಿಧರ್ಮ. ನಾನು ಕೊಡುವುದಿಲ್ಲ ಎಂದು ಇಲ್ಲಿ, ನನ್ನ ಊರಿನವರು ಓದುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ಬೇಡವಾದವರ ಮನೆಯವರು ಇನ್ನು ಮುಂದೆ ನನ್ನ ಬಾಗಿಲು ದಾಟಿ ಹೋಗದಿರಲಿ. ಬಂದಾಗ ನಾನು ಹಿಂಜರಿದರೆ ಈ ಬರಹವನ್ನೇ ನನ್ನ ಮುಂದೆ ಹಿಡಿಯಲಿ.